ಗೇಟಿನಲ್ಲಿ ನಿಂತವರು ಬಂದರು ನೋಡಿದ್ದು

(ಹೊಸದಾಗಿ ಓದು ಕಲಿತ ಮಹಿಳೆಯರ ಸಭೆಯಲ್ಲಿ ಆಡಿದ ಮಾತು)



ನಾವು ದೊಡ್ಡಬಳ್ಳಾಪುರ ತಾಲ್ಲೂಕಿನವರು. ಮಾಕಳಿದುರ್ಗ ಬೆಟ್ಟದ ಕಡೆಯವರು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಬಂದವರಿಗೆ ನಮ್ಮ ಕಡೆ ಗೊತ್ತು. ನಾವು ಹದಿನಾಲ್ಕು ಹೆಂಗಸರು ಒಂದೇ ಕಲಿಕಾ ಕೇಂದ್ರದಲ್ಲಿ ಓದು ಬರಹ ಕಲಿತೆವು. ಆಮೇಲೆ ಎಲ್ಲರೂ ಸೇರಿ ಬಂದರು ನೋಡಿ ಬಂದೆವು. ಆ ವಿಷಯ ಹೇಳಿ ಅಂತ ನಮ್ಮ ಬೋಧಕಿ ಇಲ್ಲಿ ನಿಲ್ಲಿಸಿದ್ದಾರೆ. ಮೈಕಿನ ಮುಂದೆ ಮಾತಾಡಿ ಅಭ್ಯಾಸ ಇಲ್ಲ. ಒಬ್ಬರು ತಡವರಿಸಿದರೆ ಇನ್ನೊಬ್ಬರು ಮುಂದುವರಿಸುತ್ತೇವೆ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ರೈಲಿನ ಮಾತು.

ನಮ್ಮ ಬೆಟ್ಟದ ಬುಡದಲ್ಲಿ ರೈಲು ಹಾದಿ ಇದೆ. ಯಲಹಂಕ, ದೊಡ್ಡಬಳ್ಳಾಪುರ ದಾಟಿ ಗೌರಿಬಿದನೂರು, ಹಿಂದೂಪುರದ ಕಡೆಗೆ ಹೋಗುವ ಹಾದಿ. ನಮ್ಮ ಹತ್ತಿರ ಅದು ಬೆಟ್ಟ ಬಳಸಿಕೊಂಡು ಡೊಂಕಾಗಿ ಹೋಗುತ್ತದೆ. ಭಾನುವಾರ ಬಂದರೆ ಸಾಕು, ಬೆಂಗಳೂರಿನ ಹುಡುಗರು ಕ್ಯಾಮೆರಾ ಹಿಡಿದು ಬಂದು ಬಂಡೆ ಮೇಲೆ ಕೂರುತ್ತಾರೆ. ಏನಪ್ಪಾ ಅಂದರೆ, ಗೂಡ್ಸ್ ಗಾಡಿ ನೋಡಲಿಕ್ಕಂತೆ! ನಮಗೆ ನಗು ಬರುತ್ತಿತ್ತು. ಗೂಡ್ಸ್ ಗಾಡಿ ಅಂದರೆ ನಮಗೆ ಕಾಟ. ಅದು ಬಂದರೆ ಗೇಟು ಬೀಳುತ್ತದೆ. ತಲೆ ಮೇಲೆ ಹುಲ್ಲಿನ ಹೊರೆ ಇರುತ್ತದೆ. ಮನೆಯಲ್ಲಿ ಹಸು ಕೂಗುತ್ತಿರುತ್ತದೆ. ಗಾಡಿ ಮಾತ್ರ ಮುಗಿಯುವುದೇ ಇಲ್ಲ. ಡಬ್ಬಿ ಮೇಲೆ ಡಬ್ಬಿ, ಡಬ್ಬಿ ಮೇಲೆ ಡಬ್ಬಿ.

ಇದರಲ್ಲಿ ಏನು ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ನಾವು ಒಂದು ದಿನವೂ ಕೇಳಿದವರಲ್ಲ.

ಅಂಕಿ ಕಲಿತ ಮೇಲೆ ಬೋಧಕಿ ಒಂದು ಕೆಲಸ ಕೊಟ್ಟರು. “ಗೇಟಿನಲ್ಲಿ ಸುಮ್ಮನೆ ನಿಲ್ಲಬೇಡಿ. ಡಬ್ಬಿ ಎಣಿಸಿ ಬನ್ನಿ” ಅಂದರು. ಎಣಿಸಿದೆವು. ಒಬ್ಬರಿಗೆ 56 ಬಂತು. ಒಬ್ಬರಿಗೆ 60 ಬಂತು. ಜಗಳವೇ ಆಯಿತು. ಮಾರನೇ ದಿನ ಮತ್ತೆ ಎಣಿಸಿದೆವು. 58. ಕಲ್ಲಿದ್ದಲು, ಅದಿರು ತುಂಬುವ ತೆರೆದ ಡಬ್ಬಿಗಳ ಗಾಡಿಗೆ ಹೆಚ್ಚಾಗಿ 58 ಡಬ್ಬಿ ಇರುತ್ತವೆ ಅಂತ ಆಮೇಲೆ ತಿಳಿಯಿತು. ಮೂಟೆ ತುಂಬುವ ಮುಚ್ಚಿದ ಡಬ್ಬಿಗಳ ಗಾಡಿ ಇನ್ನೂ ಚಿಕ್ಕದು. ಹೆಚ್ಚಾಗಿ 42 ಡಬ್ಬಿ. ಎಣ್ಣೆಯ ಡಬ್ಬಿ ಉರುಟಾಗಿ ಪೀಪಾಯಿಯ ಹಾಗೆ ಇರುತ್ತದೆ. ಅದನ್ನು ಯಾರು ಬೇಕಾದರೂ ಗುರುತು ಹಿಡಿಯಬಹುದು.

ಡಬ್ಬಿಯ ಮೈಮೇಲೆ ಹನ್ನೊಂದು ಅಂಕಿಯ ಒಂದು ನಂಬರು ಬರೆದಿರುತ್ತದೆ. ಮೊದಲ ಎರಡು ಅಂಕಿ ಡಬ್ಬಿ ಯಾವ ಜಾತಿಯದು ಅಂತ ಹೇಳುತ್ತವೆ. ಮುಂದಿನ ಎರಡು, ಯಾವ ರೈಲ್ವೆಯದು ಅಂತ. ಐದನೆಯದು, ಆರನೆಯದು ಇದೆಯಲ್ಲ, ಅದು ಡಬ್ಬಿ ಹುಟ್ಟಿದ ವರ್ಷ. ಅಲ್ಲಿ 09 ಇದ್ದರೆ 2009ರಲ್ಲಿ ಮಾಡಿದ ಡಬ್ಬಿ. ಆಮೇಲಿನ ನಾಲ್ಕು ಅದರ ಸ್ವಂತ ನಂಬರು. ಕೊನೆಯ ಒಂದು ಅಂಕಿ ಕಾವಲಿನದು. ಬರೆಯುವವರು ಎಲ್ಲಾದರೂ ಒಂದು ಅಂಕಿ ತಪ್ಪಿಸಿದರೆ, ಲೆಕ್ಕ ಹಾಕಿದಾಗ ಆ ಕಾವಲು ಅಂಕಿ ತಾಳೆ ಆಗುವುದಿಲ್ಲ. ತಪ್ಪು ಸಿಕ್ಕಿಬೀಳುತ್ತದೆ. ಇದನ್ನು ತಿಳಿದ ದಿನ ನಮಗೆ ಬಹಳ ಖುಷಿ ಆಯಿತು.

ನಂಬರಿನ ಜೊತೆ ತೂಕವನ್ನೂ ಬರೆದಿರುತ್ತಾರೆ. ಖಾಲಿ ಡಬ್ಬಿ ಎಷ್ಟು ತೂಕ, ಎಷ್ಟು ಹೊರಬಹುದು, ಎರಡೂ. ಒಂದು ಡಬ್ಬಿ ಸುಮಾರು 60 ಟನ್ ಹೊರುತ್ತದೆ. ಟನ್ ಅಂದರೆ ನಮಗೆ ಅಂದಾಜು ಸಿಗುವುದಿಲ್ಲ. ಮೂಟೆಯಲ್ಲಿ ಹೇಳೋಣ. 50 ಕಿಲೋ ಈರುಳ್ಳಿ ಮೂಟೆ 20 ಸೇರಿದರೆ ಒಂದು ಟನ್. ಒಂದು ಡಬ್ಬಿಗೆ 1,200 ಮೂಟೆ. ನಮ್ಮ ಇಡೀ ಊರಿನ ಈರುಳ್ಳಿ ತುಂಬಿದರೂ ಒಂದು ಡಬ್ಬಿ ತುಂಬುತ್ತದೋ ಇಲ್ಲವೋ.

ಅದು ನಿಂತಿರುವಾಗ ಹಳಿಯ ಹತ್ತಿರ ಹೋಗಿ ನೋಡಬೇಡಿ. ಗೇಟಿನ ಆಚೆಯಿಂದಲೇ ಓದಲು ಬರುತ್ತದೆ. ಅಷ್ಟು ದೊಡ್ಡ ಅಕ್ಷರ.

ಈಗ ಈರುಳ್ಳಿಯ ಮಾತು. ನಾವು ಬಂದರು ನೋಡಲು ಹೊರಟಿದ್ದೇ ಈರುಳ್ಳಿಯಿಂದ.

ನಮ್ಮ ಕಡೆ ಬೆಳೆಯುವುದು ಗುಲಾಬಿ ಈರುಳ್ಳಿ. ಸಣ್ಣದು, ಕೆಂಪು, ಖಾರ ಜಾಸ್ತಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಬೆಳೆ. ಇದಕ್ಕೆ 2015ರಲ್ಲಿ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ. ಅಂದರೆ ಬೇರೆ ಕಡೆ ಬೆಳೆದದ್ದಕ್ಕೆ ಈ ಹೆಸರು ಹಾಕಿ ಮಾರುವ ಹಾಗಿಲ್ಲ. ವಿಚಿತ್ರ ಏನೆಂದರೆ, ಇದನ್ನು ಇಲ್ಲಿ ತಿನ್ನುವವರು ಕಡಿಮೆ. ಇದು ಹೋಗುವುದು ಮಲೇಷ್ಯಾ, ಸಿಂಗಪುರ, ಶ್ರೀಲಂಕಾಕ್ಕೆ. ಲಾರಿಯಲ್ಲಿ ಚೆನ್ನೈಗೆ, ಅಲ್ಲಿಂದ ಹಡಗಿನಲ್ಲಿ. ಹಡಗು ಹೋಗದಿದ್ದರೆ ನಮ್ಮ ಈರುಳ್ಳಿಗೆ ಬೇರೆ ಗಿರಾಕಿ ಇಲ್ಲ.

2020ರ ಸೆಪ್ಟೆಂಬರ್ 14ರಂದು ಈರುಳ್ಳಿಯನ್ನು ಹೊರದೇಶಕ್ಕೆ ಕಳಿಸಬಾರದು ಅಂತ ಸರ್ಕಾರ ಹೇಳಿತು. ಆಗ ನಮ್ಮ ಬೆಳೆ ಹೊಲದಲ್ಲಿತ್ತು. ಅಕ್ಟೋಬರ್ ಕೊನೆಗೆ ಕಿತ್ತೆವು. ಮೇಲೆ ಮಳೆ ಬೇರೆ. ವ್ಯಾಪಾರದವನು ಬಂದ. ಮೂಟೆ ನೋಡಲೂ ಇಲ್ಲ.

“ಬಂದರು ಮುಚ್ಚವ್ರೆ ಕಣಮ್ಮಾ. ಯಾರಿಗ್ ಮಾರ್ಲಿ ಇದನ್ನ? ಇಟ್ಕೊಂಡ್ರೆ ಕೊಳ್ತು ಹೋಯ್ತದೆ. ಕೊಟ್ಟಷ್ಟು ಇಸ್ಕಳಿ” ಅಂದ.

ಬಂದರು ಅಂದರೆ ಏನು? ಅಂಗಡಿಯಾ? ಗೋಡೌನಾ? ನಮಗೆ ತಿಳಿಯದು. ಕೇಳಲು ನಾಚಿಕೆ. ನಮ್ಮಲ್ಲಿ ಒಬ್ಬರ ಮನೆಯಲ್ಲೇ 22 ಮೂಟೆ ಇತ್ತು. ಅವನು ಹೇಳಿದ ಬೆಲೆಗೆ ಕೊಟ್ಟೆವು. ಕೂಲಿ, ಬೀಜ, ಗೊಬ್ಬರ ಕಳೆದರೆ ಕೈಗೆ ಏನೂ ಉಳಿಯಲಿಲ್ಲ. ಸಂಘದ ಸಾಲಕ್ಕೆ ಓಲೆ ಅಡ ಇಟ್ಟೆವು.

2022ರಲ್ಲಿ ನಾವು ಕಲಿಕಾ ಕೇಂದ್ರಕ್ಕೆ ಸೇರಿದೆವು. ಅಕ್ಷರ ಬಂದ ಮೇಲೆ ಬೋಧಕಿ ಹಳೆಯ ಪೇಪರಿನ ಕಟ್ಟು ತರುತ್ತಿದ್ದರು. ರದ್ದಿ ಪೇಪರು. ತಲೆಬರಹ ಓದುವುದು ನಮ್ಮ ಅಭ್ಯಾಸ. ಒಂದು ಸಂಜೆ ನಮ್ಮ ಪೈಕಿ ಹಿರಿಯವರು ಒಬ್ಬರು ಒಂದು ಹಾಳೆ ಹಿಡಿದು ಕೂತರು. ಬೆರಳು ಇಟ್ಟು ಓದುತ್ತಿದ್ದವರು ಅಲ್ಲೇ ನಿಂತರು. ಗು, ಲಾ, ಬಿ. ಗುಲಾಬಿ. ಮುಂದೆ ಈರುಳ್ಳಿ.

ಬೋಧಕಿ ಪೂರ್ತಿ ಓದಿ ಹೇಳಿದರು. 2020ರ ಅಕ್ಟೋಬರ್ 9ರಂದು ಸರ್ಕಾರ ಇನ್ನೊಂದು ಆದೇಶ ಮಾಡಿತ್ತು. ಬೆಂಗಳೂರು ಗುಲಾಬಿ ಈರುಳ್ಳಿಯನ್ನು 10,000 ಟನ್ ತನಕ ಕಳಿಸಬಹುದು. 2021ರ ಮಾರ್ಚ್ 31ರವರೆಗೆ. ಚೆನ್ನೈ ಬಂದರಿನಿಂದ ಮಾತ್ರ. ತೋಟಗಾರಿಕೆ ಇಲಾಖೆಯ ಪತ್ರ ಬೇಕು.

ಅಕ್ಟೋಬರ್ 9! ನಾವು ಮಾರಿದ್ದು ಅಕ್ಟೋಬರ್ ಕೊನೆಗೆ.

ನಾವು ಸ್ಲೇಟು ತೆಗೆದುಕೊಂಡು ಲೆಕ್ಕ ಹಾಕಿದೆವು. 10,000 ಟನ್ ಅಂದರೆ ಎರಡು ಲಕ್ಷ ಮೂಟೆ. ಅಷ್ಟರಲ್ಲಿ ನಮ್ಮ 22 ಮೂಟೆಗೆ ಜಾಗ ಇರಲಿಲ್ಲವೇ? ಇತ್ತೋ ಇಲ್ಲವೋ, ಈಗ ಹೇಳಲು ಬರುವುದಿಲ್ಲ. ಆ ವ್ಯಾಪಾರದವನು ಪೂರ್ತಿ ಸುಳ್ಳು ಹೇಳಿದ ಅಂತ ನಾವು ಹೇಳುವುದಿಲ್ಲ. ಅರ್ಧ ಹೇಳಿದ. ಉಳಿದ ಅರ್ಧ ಪೇಪರಿನಲ್ಲಿತ್ತು. ಆ ಪೇಪರಿನಲ್ಲೇ ಅಂಗಡಿಯವರು ನಮಗೆ ಕಡಲೆಕಾಯಿ ಕಟ್ಟಿ ಕೊಟ್ಟಿರಬೇಕು.

2023ರಲ್ಲಿ ಅದೇ ಕಥೆ ಬೇರೆ ವೇಷದಲ್ಲಿ ಬಂತು. ಆಗಸ್ಟ್ ತಿಂಗಳಲ್ಲಿ ಹೊರಗೆ ಹೋಗುವ ಈರುಳ್ಳಿಗೆ 40 ಪರ್ಸೆಂಟ್ ಸುಂಕ ಹಾಕಿದರು. ಅಂದರೆ 100 ರೂಪಾಯಿ ಮಾಲಿಗೆ 40 ರೂಪಾಯಿ ಸುಂಕ. ಅಕ್ಟೋಬರಿನಲ್ಲಿ ವ್ಯಾಪಾರದವನು ಬಂದು ಅದನ್ನೇ ಹಾಡಿದ. ಈ ಸಲ ನಾವು ಸುಮ್ಮನಿರಲಿಲ್ಲ.

“ಗುಲಾಬಿ ಈರುಳ್ಳಿಗೆ ಸುಂಕ ತೆಗ್ದವ್ರಲ್ಲಪ್ಪಾ, ಸೆಪ್ಟೆಂಬರ್ 29ಕ್ಕೆ?” ಅಂತ ಒಬ್ಬರು ಕೇಳಿದರು.

ಅವನು ನಮ್ಮ ಮುಖ ನೋಡಿದ. “ಯಾರಮ್ಮಾ ಹೇಳಿದ್ದು?”

“ಪೇಪರಲ್ಲಿ ಐತೆ. ತರ್ಲಾ?”

ತರುವುದು ಬೇಡ ಅಂದ. ಮೂಟೆಗೆ ನೂರು ರೂಪಾಯಿ ಏರಿಸಿದ. ತೂಕದ ಚೀಟಿಯನ್ನೂ ಕೇಳಿ ಪಡೆದೆವು. ಬಹಳ ದೊಡ್ಡ ಗೆಲುವು ಅಂತ ತಿಳಿಯಬೇಡಿ. ಡಿಸೆಂಬರ್ 8ಕ್ಕೆ ಸರ್ಕಾರ ಮತ್ತೆ ಪೂರ್ತಿ ನಿಷೇಧ ಹಾಕಿತು. ಆಗ ಓದಿದ್ದರಿಂದ ನಮಗೇನೂ ಆಗಲಿಲ್ಲ. ತಡವಾಗಿ ಕಿತ್ತವರು ಕಳೆದುಕೊಂಡರು. ನಿಷೇಧ ಹೋಗಿದ್ದು 2024ರ ಮೇ ತಿಂಗಳಲ್ಲಿ. ಸುಂಕ ಪೂರ್ತಿ ತೆಗೆದದ್ದು 2025ರ ಏಪ್ರಿಲ್ 1ರಿಂದ.

ಆ ಡಿಸೆಂಬರಿನಲ್ಲೇ ನಮ್ಮಲ್ಲಿ ಒಬ್ಬರು ಅಂದರು. “ಯಾವಾಗ್ ನೋಡಿದ್ರೂ ಬಂದರು ಬಂದರು ಅಂತಾರೆ. ಅದ್ ಹೆಂಗೈತೆ ಒಂದ್ಸಲ ಕಣ್ಣಾರೆ ನೋಡಾಣ.”

ಚೆನ್ನೈಗೆ ಹೋಗಲು ಭಾಷೆ ಬಾರದು. ಹೇಗೂ ಸಂಘದಿಂದ ಧರ್ಮಸ್ಥಳಕ್ಕೆ ಹೋಗುವ ಮಾತಿತ್ತು. ಹಾಗೇ ಮಂಗಳೂರಿಗೂ ಹೋಗೋಣ ಅಂತ ಆಯಿತು. 2024ರ ಫೆಬ್ರವರಿಯಲ್ಲಿ ಹೊರಟೆವು. ನೆಲಮಂಗಲ, ಹಾಸನ, ಸಕಲೇಶಪುರ. ನೆಲಮಂಗಲ ದಾಟುವಾಗ ಬೋಧಕಿ ಒಂದು ವಿಷಯ ಹೇಳಿದರು. 2020ರ ಆಗಸ್ಟ್ 30ರಂದು ನೆಲಮಂಗಲದಿಂದ ಸೊಲ್ಲಾಪುರದ ಹತ್ತಿರದ ಬಾಳೆ ಎಂಬ ಊರಿಗೆ ಒಂದು ರೈಲು ಹೊರಟಿತಂತೆ. ಅದರ ಮೇಲೆ ಸರಕು ತುಂಬಿದ ಲಾರಿಗಳೇ ಹತ್ತಿ ಕೂತಿದ್ದವಂತೆ. ಲಾರಿಗೂ ರೈಲು ಸವಾರಿ! ಬಸ್ಸಿನಲ್ಲಿ ಎಲ್ಲರೂ ನಕ್ಕೆವು.

ಸಕಲೇಶಪುರದಿಂದ ಆಚೆಗೆ ಘಟ್ಟ. ರೈಲು ಹಾದಿಯೂ ಅಲ್ಲೇ ಕಾಡಿನೊಳಗೆ ಇಳಿಯುತ್ತದೆ. ಸುಬ್ರಹ್ಮಣ್ಯ ರೋಡ್ ನಿಲ್ದಾಣದ ತನಕ ಸುಮಾರು 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗ. 50 ಅಡಿ ಮುಂದೆ ಹೋದರೆ ಒಂದು ಅಡಿ ಏರು. ರೈಲಿಗೆ ಅದು ಬಹಳ ಕಡಿದು. ಗೂಡ್ಸ್ ಗಾಡಿ ಹತ್ತಿಸಲು ಮುಂದೆಯೂ ಎಂಜಿನ್, ಹಿಂದೆಯೂ ಎಂಜಿನ್. ನಮ್ಮ ಕಡೆ ಕೆಸರಿನಲ್ಲಿ ಎತ್ತಿನ ಗಾಡಿ ಎಳೆಯುವಾಗ ಹಿಂದಿನಿಂದ ನಾವು ಗಾಲಿಗೆ ಹೆಗಲು ಕೊಡುವುದಿಲ್ಲವೇ, ಹಾಗೆ. ಇಲ್ಲಿ ಮೊದಲು ಚಿಕ್ಕ ಹಳಿ ಇತ್ತು. ಅದು 1979ರಲ್ಲಿ ಶುರುವಾಗಿದ್ದು. 1996ರಲ್ಲಿ ನಿಲ್ಲಿಸಿ ದೊಡ್ಡ ಹಳಿ ಹಾಕಲು ಹೊರಟರು. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ರಲ್ಲಿ. ಹತ್ತು ವರ್ಷ!

ಮಂಗಳೂರಿನ ಬಂದರು ಇರುವ ಜಾಗದ ಹೆಸರು ಪಣಂಬೂರು. ಒಳಗೆ ಹೋಗಲು ಪಾಸು ಬೇಕು. ನಮ್ಮ ಹತ್ತಿರ ಇರಲಿಲ್ಲ. ಪಕ್ಕದಲ್ಲೇ ಸಮುದ್ರ ದಂಡೆ ಇದೆ. ಅಲ್ಲಿ ಹೋಗಿ ಕೂತೆವು.

ನಮ್ಮಲ್ಲಿ ಹನ್ನೊಂದು ಜನ ಅಲ್ಲಿಯ ತನಕ ಸಮುದ್ರ ನೋಡಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅದನ್ನು ಹೇಳಲು ನಮಗೆ ಬರುವುದಿಲ್ಲ, ಬಿಡಿ.

ದೂರದಲ್ಲಿ ಹಡಗುಗಳು ನಿಂತಿದ್ದವು. ಐದು ಎಣಿಸಿದೆವು. ಯಾಕೆ ಅಲ್ಲೇ ನಿಂತಿವೆ ಅಂತ ತಿಳಿಯಲಿಲ್ಲ. ಪಕ್ಕದಲ್ಲಿ ಒಬ್ಬ ಅಕ್ಕ ಚರುಮುರಿ ಮಾರುತ್ತಿದ್ದರು. ಅವರ ಗಂಡ ಬಂದರಿನಲ್ಲಿ ಮೂಟೆ ಹೊತ್ತು ದುಡಿದವರಂತೆ. ಆ ಅಕ್ಕ ಹೇಳಿದರು.

“ಒಳಗೆ ಜಾಗ ಖಾಲಿ ಆಗ್ಬೇಕಲ್ಲ ಮಾರಾಯ್ರೆ. ಅಲ್ಲಿಯವರೆಗೆ ಹೊರಗೆ ಕಾಯುವುದು.”

ಅಷ್ಟೇ ವಿಷಯ. ನಮ್ಮ ಹಾಲಿನ ಡೇರಿ ಮುಂದೆ ಕ್ಯಾನು ಸಾಲಿಟ್ಟು ಕಾಯುವ ಹಾಗೆ. ಜಾಗ ಆದ ಮೇಲೂ ಹಡಗಿನ ಕ್ಯಾಪ್ಟನ್ ತಾನೇ ನುಗ್ಗಿಸಿಕೊಂಡು ಬರುವ ಹಾಗಿಲ್ಲ. ಬಂದರಿನವರು ಒಬ್ಬರು ಚಿಕ್ಕ ದೋಣಿಯಲ್ಲಿ ಹೋಗುತ್ತಾರೆ. ಹಗ್ಗದ ಏಣಿ ಹಿಡಿದು ಹಡಗು ಹತ್ತುತ್ತಾರೆ. ಅವರಿಗೆ ಪೈಲಟ್ ಅಂತ ಹೆಸರು. ಇಲ್ಲಿಯ ನೀರಿನ ಆಳ ಅವರಿಗೆ ಗೊತ್ತು. ಅವರು ದಾರಿ ಹೇಳಬೇಕು. ಟಗ್ ಅನ್ನುವ ಪುಟ್ಟ ದೋಣಿಗಳು ಆ ದೊಡ್ಡ ಹಡಗನ್ನು ನೂಕಿ, ಎಳೆದು ಕಟ್ಟೆಗೆ ಸೇರಿಸುತ್ತವೆ.

ಈ ಬಂದರು ತಾನಾಗಿ ಆದದ್ದಲ್ಲ. ಹಳೆಯ ಬಂದರು ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವ ಕಡೆ ಇದೆ. ಅಲ್ಲಿ ಆಳ ಸಾಲದು. ಅದಕ್ಕೆ ಪಣಂಬೂರಿನಲ್ಲಿ ನೆಲ ಅಗೆದು, ನೀರು ಒಳಗೆ ಬಿಟ್ಟುಕೊಂಡು ಹೊಸ ಬಂದರು ಮಾಡಿದರು. ನಮ್ಮ ಕೆರೆ ಹೂಳು ತೆಗೆದ ಹಾಗೆ, ಆದರೆ ಬಹಳ ದೊಡ್ಡದು. 1975ರ ಜನವರಿ 11ರಂದು ಇಂದಿರಾ ಗಾಂಧಿಯವರು ಬಂದು ಉದ್ಘಾಟನೆ ಮಾಡಿದರು.

ನೆಲ ಅಗೆದರು ಅಂದೆವು. ಆ ನೆಲದಲ್ಲಿ ಜನ ಇರಲಿಲ್ಲವೇ? ಇದ್ದರು. ಚರುಮುರಿ ಅಕ್ಕ ಬೆರಳು ತೋರಿಸಿ ಹೇಳಿದರು. “ಈಗ ಹಡಗು ನಿಲ್ಲುವಲ್ಲಿ ನಮ್ಮ ಅತ್ತೆಯವರ ಮನೆ ಇತ್ತಂತೆ. ತೆಂಗಿನ ತೋಟ ಇತ್ತಂತೆ. ಎಲ್ಲ ಬಿಟ್ಟು ಕಾಟಿಪಳ್ಳಕ್ಕೆ ಹೋದದ್ದು.” ಕಾಟಿಪಳ್ಳ, ಕೃಷ್ಣಾಪುರದಲ್ಲಿ ಅವರಿಗೆಲ್ಲ ಜಾಗ ಕೊಟ್ಟಿದ್ದರು. ನಮ್ಮ ಜೊತೆ ದೇವನಹಳ್ಳಿ ಕಡೆಯಿಂದ ಮದುವೆಯಾಗಿ ಬಂದವರು ಒಬ್ಬರಿದ್ದಾರೆ. ಅವರು ಆ ಅಕ್ಕನ ಕೈ ಹಿಡಿದುಕೊಂಡರು. ಅವರ ತವರು ಚನ್ನರಾಯಪಟ್ಟಣ ಹೋಬಳಿ. ಆಗ ಅಲ್ಲಿ ಜಮೀನು ಬಿಡುವುದಿಲ್ಲ ಅಂತ ಧರಣಿ ನಡೆಯುತ್ತಿತ್ತು. 1,777 ಎಕರೆಯ ವಿಷಯ. ಸರ್ಕಾರ ಅದನ್ನು ಕೈ ಬಿಟ್ಟಿದ್ದು 2025ರ ಜುಲೈ 15ರಂದು. ಆ ದಿನ ಪಣಂಬೂರಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದರು.

ಮಧ್ಯಾಹ್ನದ ಮೇಲೆ ಒಂದು ಹಡಗು ಒಳಗೆ ಬಂತು. ಅದರ ಮೈಮೇಲೆ ಮೂರು ದೊಡ್ಡ ಇಂಗ್ಲಿಷ್ ಅಕ್ಷರ. ನಮಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ನಮ್ಮ ಹಿರಿಯವರು, ಅದೇ ಗುಲಾಬಿ ಓದಿದವರು, ಎದ್ದು ನಿಂತರು.

“ಅಯ್ಯೋ, ಇದು ನಮ್ ಸಿಲಿಂಡರ್ ಗಾಡಿ ಮೇಲೈತಲ್ಲೇ!”

ಹೌದು. ಎಲ್.ಪಿ.ಜಿ. ಅಡುಗೆ ಗ್ಯಾಸಿನ ಹಡಗು.

ನಮ್ಮ ದೇಶದಲ್ಲಿ ಉರಿಸುವ ಅಡುಗೆ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಅದರಲ್ಲಿ ಹೆಚ್ಚಿನದು ಕೊಲ್ಲಿ ದೇಶಗಳಿಂದ. ಅದು ಇಳಿಯುವ ದೊಡ್ಡ ಬಂದರುಗಳಲ್ಲಿ ಪಣಂಬೂರು ಒಂದು. ಇಲ್ಲಿಂದ ನೆಲದೊಳಗೆ ಒಂದು ಕೊಳವೆ ಹೊರಡುತ್ತದೆ. ಹಾಸನದ ಮೇಲೆ ಬಂದು ನೆಲಮಂಗಲದ ಹತ್ತಿರದ ಸೋಲೂರಿಗೆ ಮುಟ್ಟುತ್ತದೆ. ಅಲ್ಲಿ ಸಿಲಿಂಡರಿಗೆ ತುಂಬುತ್ತಾರೆ. ಪೆಟ್ರೋಲು, ಡೀಸೆಲಿಗೆ ಬೇರೆ ಕೊಳವೆ. ಅದು 362 ಕಿಲೋಮೀಟರ್ ಉದ್ದ. ಬಂದು ನಿಲ್ಲುವುದು ನಮ್ಮ ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯಲ್ಲಿ. ನಾವು ಹೊಲದಲ್ಲಿ ಕೂತು, ಸಮುದ್ರಕ್ಕೂ ನಮಗೂ ಏನು ಸಂಬಂಧ ಅಂದುಕೊಂಡಿದ್ದೆವು. ಒಲೆಯ ತನಕ ಬಂದಿದೆ!

ಆ ಅಕ್ಕ ಒಂದೊಂದೇ ಹೇಳುತ್ತಾ ಹೋದರು. ಕಪ್ಪಗೆ ಕಾಣುವ ರಾಶಿ ಕಲ್ಲಿದ್ದಲು. ಉಡುಪಿ ಕಡೆ ಯಲ್ಲೂರಿನಲ್ಲಿ ಕರೆಂಟು ಮಾಡಲು ಅದು ರೈಲಿನಲ್ಲಿ ಹೋಗುತ್ತದೆ. ತಾಳೆ ಎಣ್ಣೆ ಬರುತ್ತದೆ. ಗೊಬ್ಬರ ಬರುತ್ತದೆ. ಪಣಂಬೂರಿನಲ್ಲೇ ಯೂರಿಯಾ ಕಾರ್ಖಾನೆಯೂ ಇದೆ. ಆಫ್ರಿಕಾದಿಂದ ಹಸಿ ಗೋಡಂಬಿ ಬರುತ್ತದೆ. ಅದನ್ನು ಸುಲಿಯುವವರು ಇಲ್ಲಿಯ ಹೆಂಗಸರು. ಕೊಡಗು, ಚಿಕ್ಕಮಗಳೂರಿನ ಕಾಫಿ ಹೊರಗೆ ಹೋಗುತ್ತದೆ. ಕುದುರೆಮುಖದ ಕಬ್ಬಿಣದ ಅದಿರು ನೀರಿನ ಜೊತೆ ಕೊಳವೆಯಲ್ಲೇ ಇಲ್ಲಿಗೆ ಹರಿದು ಬರುತ್ತಿತ್ತಂತೆ. 2005ರ ಕೊನೆಗೆ ಅಲ್ಲಿ ಗಣಿ ನಿಂತಿತು.

ಬಂದರಿನ ಹತ್ತಿರ ಹಳಿ ಇತ್ತು. ಅದರ ಮೇಲೆ ನಮ್ಮ ಡಬ್ಬಿಗಳು! ನಮ್ಮ ಗೇಟಿನಲ್ಲಿ ಹೋಗುವಂಥವೇ. ಅದೇ ಹನ್ನೊಂದು ಅಂಕಿ. ನೆಂಟರನ್ನು ಕಂಡ ಹಾಗಾಯಿತು. ಅಲ್ಲೇ ಲೆಕ್ಕ ಹಾಕಿದೆವು. ಒಂದು ಗಾಡಿ ಸುಮಾರು 3,500 ಟನ್. ಒಂದು ಹಡಗು 70,000 ಟನ್ ತಂದರೆ, ಅದನ್ನು ಖಾಲಿ ಮಾಡಲು 20 ಗಾಡಿ ಬೇಕು.

ಇನ್ನೊಂದು ವಿಷಯ ಹೇಳದೆ ಇರಲು ಆಗದು. ಹಡಗಿನ ಕೆಳಭಾಗಕ್ಕೆ ಕೆಂಪು ಬಣ್ಣ ಬಳಿದಿರುತ್ತಾರೆ. ಖಾಲಿ ಹಡಗು ಮೇಲೆ ತೇಲುತ್ತದೆ, ಕೆಂಪು ಬಹಳ ಕಾಣುತ್ತದೆ. ತುಂಬಿದ ಹಡಗು ಕೆಳಗೆ ಇಳಿಯುತ್ತದೆ, ಕೆಂಪು ಮುಚ್ಚಿಹೋಗುತ್ತದೆ. ಹತ್ತಿರ ಹೋದರೆ ಮೈಮೇಲೆ ಅಳತೆಯ ಅಂಕಿಗಳು, ಒಂದು ವೃತ್ತ, ಅದರ ನಡುವೆ ಒಂದು ಅಡ್ಡಗೆರೆ ಕಾಣುತ್ತವಂತೆ. ಆ ಗೆರೆ ಮುಳುಗುವಷ್ಟು ಸರಕು ತುಂಬಬಾರದು. ಬೋಧಕಿ ಅದರ ಕಥೆ ಹೇಳಿದರು. ಹಿಂದೆ ಬ್ರಿಟನ್ನಿನಲ್ಲಿ ಹಡಗಿನ ಮಾಲೀಕರು ಆಸೆಗೆ ಬಿದ್ದು ವಿಪರೀತ ತುಂಬುತ್ತಿದ್ದರಂತೆ. ಹಡಗು ಮುಳುಗಿದರೆ ವಿಮೆ ಹಣ ಮಾಲೀಕನಿಗೆ. ಸಾಯುವವರು ಕೂಲಿಯವರು. ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಎಂಬುವರು ಅಲ್ಲಿಯ ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ಜಗಳ ಆಡಿದರು. 1876ರಲ್ಲಿ ಗೆರೆ ಹಾಕಲೇಬೇಕು ಅಂತ ಕಾನೂನು ಆಯಿತು. ಈಗ ಲೋಕದ ಎಲ್ಲ ದೊಡ್ಡ ಸರಕು ಹಡಗಿನ ಮೇಲೂ ಆ ಗೆರೆ ಇದೆ.

ಇದನ್ನು ಕೇಳಿ ನಮ್ಮಲ್ಲಿ ಒಬ್ಬರು, “ನಮ್ ವ್ಯಾಪಾರದವನ ತಕ್ಕಡಿಗೂ ಹಿಂಗೊಂದು ಗೆರೆ ಬಳಿಬೇಕಿತ್ತು” ಅಂದರು.

ಕತ್ತಲಾಯಿತು. ಹೊರಗೆ ನಿಂತ ಹಡಗುಗಳಲ್ಲಿ ದೀಪ ಹತ್ತಿದವು. ಬಸ್ಸಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ಚರುಮುರಿ ಅಕ್ಕ ದುಡ್ಡು ಬೇಡ ಅಂದರು. ನಾವು ಬಿಡಲಿಲ್ಲ. ಮನೆಯಿಂದ ತಂದಿದ್ದ ಒಂದು ಕಿಲೋ ಗುಲಾಬಿ ಈರುಳ್ಳಿಯನ್ನೂ ಕೊಟ್ಟೆವು. ಅವರು ಮೂಸಿ ನೋಡಿ, “ಅಬ್ಬಾ, ಎಂಥ ಖಾರ ಮಾರಾಯ್ರೆ!” ಅಂದರು.

ಊರಿಗೆ ಬಂದ ಮೇಲೆ ಗೇಟಿನಲ್ಲಿ ನಿಲ್ಲುವುದು ತಪ್ಪಿಲ್ಲ. ಹುಲ್ಲಿನ ಹೊರೆಯೂ ತಪ್ಪಿಲ್ಲ. ಮೊನ್ನೆ ಒಂದು ಗಾಡಿ ಹೋಯಿತು. ಮುಚ್ಚಿದ ಡಬ್ಬಿ, 42. ಒಂದರ ಮೇಲೆ ಐದನೆಯ, ಆರನೆಯ ಅಂಕಿ 12 ಇತ್ತು. ನಮ್ಮ ಹಿರಿಯವರು ಹೇಳಿದರು, “ನನ್ ಮೊಮ್ಮಗಳು ಹುಟ್ಟಿದ್ ವರ್ಷ ಕಣ್ರೇ.”

ನಮ್ಮ ಈರುಳ್ಳಿ ಹತ್ತುವ ಹಡಗನ್ನು ನಾವು ಇನ್ನೂ ನೋಡಿಲ್ಲ. ಅದು ಚೆನ್ನೈಯಲ್ಲಿದೆ. ತಿಂಗಳಿಗೆ ತಲೆಗೆ ಐವತ್ತು ರೂಪಾಯಿ ಅಂತ ಡಬ್ಬಿಗೆ ಹಾಕುತ್ತಿದ್ದೇವೆ. ಬರುವವರು ಇದ್ದರೆ ಹೆಸರು ಬರೆಸಿ. ಹೆಸರನ್ನು ನೀವೇ ಬರೆಯಬೇಕು, ಅಷ್ಟೇ ಷರತ್ತು.